ಮಂಗಳ ‘ಹೌದು’ ಎಂದಿತ್ತೇ?

1976ರ ಜುಲೈ ಕೊನೆ. ಮಂಗಳನ ಒಂದು ಚಿಟಿಕೆ ಮಣ್ಣಿಗೆ ಎರಡು ಹನಿ ಪೋಷಕ ದ್ರವ ಬಿತ್ತು. ಜೀವ ಇದ್ದರೆ ಬರಬೇಕಾದ ಉತ್ತರವೇ ಬಂತು! ವಿಜ್ಞಾನ ಅದನ್ನು ನಂಬಲಿಲ್ಲ. ಪೂರ್ತಿಯಾಗಿ ಅಲ್ಲಗಳೆಯಲೂ ಆಗಲಿಲ್ಲ. 50 ವರ್ಷ ಕಳೆದರೂ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಯಾರೂ ಮತ್ತೆ ಕೇಳಿಲ್ಲ.

ಕಲ್ಲು ಚೆಲ್ಲಾಡಿದ ಕಿತ್ತಳೆ ಬಣ್ಣದ ಬಯಲು. ಮೂರು ಕಾಲಿನ ಮೇಲೆ ನಿಂತ ಯಂತ್ರವೊಂದು ಮೂರು ಮೀಟರ್ ಉದ್ದದ ಕೈ ಚಾಚಿತು. ತುದಿಯಲ್ಲಿದ್ದ ಲೋಹದ ಬಾಯಿ ನೆಲ ಗೀರಿ, ಮಣ್ಣು ಬಾಚಿಕೊಂಡು ಹಿಂದೆ ಸರಿಯಿತು. ಜರಡಿಯಲ್ಲಿ ದಪ್ಪ ಕಲ್ಲುಗಳು ಉಳಿದು, ನುಣ್ಣನೆಯ ಮಣ್ಣು ಯಂತ್ರದ ಹೊಟ್ಟೆಗೆ ಇಳಿಯಿತು.

ಅಂದು 1976ರ ಜುಲೈ 28. ನಾಸಾದ ವೈಕಿಂಗ್–1 ಮಂಗಳನ ಕ್ರೈಸೆ ಬಯಲಿನಲ್ಲಿ ಇಳಿದು ಎಂಟು ದಿನವಾಗಿತ್ತು. ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬುವ ಜುಲೈ 4ರಂದೇ ಇಳಿಸಬೇಕೆಂಬುದು ಮೂಲ ಯೋಜನೆ. ಗೊತ್ತುಮಾಡಿದ ಜಾಗ ಕಕ್ಷೆಯ ಚಿತ್ರಗಳಲ್ಲಿ ಒರಟಾಗಿ ಕಂಡಿದ್ದರಿಂದ ಹಬ್ಬದ ಮುಹೂರ್ತ ಬಿಟ್ಟು ಬೇರೆ ನೆಲ ಹುಡುಕಿದರು. ಜುಲೈ 20ರ ನಸುಕಿನಲ್ಲಿ, ಇಳಿದಾಯಿತು ಎಂಬ ಸಂಕೇತ 19 ನಿಮಿಷ ಪಯಣಿಸಿ ಕ್ಯಾಲಿಫೋರ್ನಿಯಾದ ಪಸಡೀನಾ ತಲುಪಿತು. 2026ರ ಜುಲೈ 20ಕ್ಕೆ ಅದಕ್ಕೆ ಅರ್ಧ ಶತಮಾನ.

ಬಾಚಿದ ಮಣ್ಣಿಗಾಗಿ ಒಳಗೆ ಮೂರು ಪುಟ್ಟ ಪ್ರಯೋಗಶಾಲೆಗಳು ಕಾದಿದ್ದವು. ಅದರಲ್ಲೊಂದು ಗಿಲ್ಬರ್ಟ್ ಲೆವಿನ್ ಅವರದು.

ಲೆವಿನ್ ಖಗೋಳ ವಿಜ್ಞಾನಿಯಲ್ಲ, ನೈರ್ಮಲ್ಯ ಎಂಜಿನಿಯರ್. ಕುಡಿಯುವ ನೀರಿಗೆ ಚರಂಡಿಯ ಕೊಳೆ ಸೇರಿದೆಯೇ ಎಂದು ಪತ್ತೆ ಮಾಡುವುದು ಅವರ ಕಸುಬು. ಆಗಿನ ಪರೀಕ್ಷೆಗಳಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಲೆವಿನ್ ಹೊಸ ದಾರಿ ಹುಡುಕಿದರು: ಸೂಕ್ಷ್ಮಜೀವಿಗಳಿಗೆ ವಿಕಿರಣಶೀಲ ಇಂಗಾಲ ಬೆರೆಸಿದ ಆಹಾರ ಕೊಡುವುದು. ಅವು ಅದನ್ನು ತಿಂದು ಉಸಿರು ಬಿಟ್ಟರೆ, ಹೊರಬರುವ ಅನಿಲದಲ್ಲೂ ಆ ಇಂಗಾಲ ಇರುತ್ತದೆ. ಎಣಿಕೆ ಯಂತ್ರ ಅದನ್ನು ಬೇಗನೆ ಹಿಡಿಯುತ್ತದೆ. ನಗರದ ನೀರಿಗಾಗಿ ಹುಟ್ಟಿದ ಈ ಉಪಾಯವೇ ಮಂಗಳಕ್ಕೆ ಹೊರಟಿತು. ಜೀವರಸಾಯನ ವಿಜ್ಞಾನಿ ಪೆಟ್ರೀಷಿಯಾ ಸ್ಟ್ರಾಟ್ ಅವರ ಜೊತೆಗಾರ್ತಿ.

ಜುಲೈ 30. ಅರ್ಧ ಘನ ಸೆಂಟಿಮೀಟರಿನಷ್ಟು ಮಣ್ಣಿನ ಮೇಲೆ ಎರಡು ಹನಿ ಪೋಷಕ ದ್ರವ ಬಿತ್ತು. ಅನಿಲದ ಎಣಿಕೆ ಏರತೊಡಗಿತು. ಭೂಮಿಯ ಮಣ್ಣಿನಲ್ಲಿ ಏರುವಂತೆಯೇ ಏರಿತು!

ಇದು ಬರೀ ರಸಾಯನ ಕ್ರಿಯೆಯಾಗಿದ್ದರೆ? ಅದಕ್ಕೂ ಪರೀಕ್ಷೆ ಸಿದ್ಧವಿತ್ತು. ಅದೇ ಮಣ್ಣಿನ ಇನ್ನೊಂದು ಪಾಲನ್ನು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿ, ಆಮೇಲೆ ಹನಿ ಹಾಕಿದರು. ಎಣಿಕೆ ಏಳಲಿಲ್ಲ. ಸೂಕ್ಷ್ಮಜೀವಿ ಸತ್ತರೆ ಹೇಗೋ ಹಾಗೆ. ಅದೇ ವರ್ಷದ ಸೆಪ್ಟೆಂಬರ್ 3ರಂದು ಮಂಗಳನ ಮತ್ತೊಂದು ಬದಿಯ ಯುಟೋಪಿಯಾ ಬಯಲಿಗೆ ಇಳಿದ ವೈಕಿಂಗ್–2 ಕೂಡ ಇದೇ ಫಲಿತಾಂಶ ಕೊಟ್ಟಿತು. ಬಿಸಿಲು ತಾಗದ ಮಣ್ಣು ಬೇಕೆಂದು ಬಂಡೆಯೊಂದನ್ನು ಸರಿಸಿ ತೆಗೆದದ್ದೂ ಹಾಗೆಯೇ ವರ್ತಿಸಿತು. ಬರೀ 50 ಡಿಗ್ರಿಯ ಆಸುಪಾಸಿಗೆ ಬೆಚ್ಚಗಾಗಿಸಿದ ಮಣ್ಣಿನ ಕಸುವು ಬಹಳಷ್ಟು ಇಳಿಯಿತು. ತಿಂಗಳುಗಟ್ಟಲೆ ಕತ್ತಲಲ್ಲಿಟ್ಟ ಮಣ್ಣು ಸುಮ್ಮನಾಯಿತು.

ಹೊರಡುವ ಮೊದಲೇ ಒಪ್ಪಿಕೊಂಡಿದ್ದ ನಿಯಮದ ಪ್ರಕಾರ ಇದು ‘ಹೌದು’ ಎಂಬ ಉತ್ತರ.

ದೇಹವೇ ಇಲ್ಲ!

ಹೌದು ಎನ್ನಲು ಅಡ್ಡ ಬಂದದ್ದು ಅದೇ ಯಂತ್ರದ ಇನ್ನೊಂದು ಉಪಕರಣ. ಮಣ್ಣನ್ನು 500 ಡಿಗ್ರಿವರೆಗೆ ಕಾಯಿಸಿ, ಹೊರಬರುವ ಅನಿಲವನ್ನು ಸೋಸಿ, ಅದರಲ್ಲಿ ಯಾವ ಅಣುಗಳಿವೆ ಎಂದು ಹೇಳುವ ಯಂತ್ರವದು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕ್ಲಾಸ್ ಬೀಮನ್ ಅದರ ಮುಖ್ಯಸ್ಥರು. ಅವರಿಗೆ ನೀರು ಸಿಕ್ಕಿತು, ಇಂಗಾಲದ ಡೈಆಕ್ಸೈಡ್ ಸಿಕ್ಕಿತು. ಜೀವಿಗಳ ಮೈ ಕಟ್ಟುವ ಸಾವಯವ ಅಣುಗಳು ಸಿಗಲಿಲ್ಲ. ಕ್ಲೋರೊಮೀಥೇನ್‌ನಂಥ ಒಂದೆರಡು ಕ್ಲೋರಿನ್ ಸಂಯುಕ್ತಗಳು ಮಾತ್ರ ಕಂಡವು. ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಉಳಿಕೆ ಎಂದು ಅವನ್ನು ಬದಿಗೆ ಸರಿಸಿದರು.

ಉಸಿರು ಕೇಳಿಸುತ್ತಿದೆ, ಉಸಿರಾಡುವ ದೇಹವೇ ಇಲ್ಲ. ಹಾಗಾದರೆ ಅದು ಉಸಿರಲ್ಲ ಎಂದು ಬಹುಪಾಲು ವಿಜ್ಞಾನಿಗಳು ತೀರ್ಮಾನಿಸಿದರು. ಉಳಿದೆರಡು ಜೀವ ಪ್ರಯೋಗಗಳೂ ರಸಾಯನ ಕ್ರಿಯೆಯತ್ತಲೇ ಬೊಟ್ಟು ಮಾಡಿದ್ದವು. ವ್ಯಾನ್ಸ್ ಒಯಾಮಾ ಅವರ ಪೆಟ್ಟಿಗೆಯಲ್ಲಿ ಮಣ್ಣಿಗೆ ತೇವ ತಗುಲಿದ ಕೂಡಲೇ ಆಮ್ಲಜನಕ ಹೊಮ್ಮಿತ್ತು. ಜೀವಿಗಳು ಹಾಗೆ ಮಾಡುವುದಿಲ್ಲ. ಮೂರನೆಯ ಪ್ರಯೋಗದ ನಾರ್ಮನ್ ಹೊರೊವಿಟ್ಜ್ ತಮ್ಮದೇ ಪೆಟ್ಟಿಗೆಯಲ್ಲಿ ಕಂಡ ಸಣ್ಣ ಸುಳಿವನ್ನು ತಾವೇ ತಳ್ಳಿಹಾಕಿದರು. ಲೆವಿನ್ ಮಣ್ಣಿಗೆ ಎರಡನೇ ಸಲ ಹನಿ ಹಾಕಿದಾಗ ಅನಿಲ ಹೊಸದಾಗಿ ಏರಬೇಕಿತ್ತು, ಏರಲಿಲ್ಲ. ಬದಲಿಗೆ ಇದ್ದದ್ದೂ ಸ್ವಲ್ಪ ಇಳಿಯಿತು.

ನನ್ನ ಮಟ್ಟಿಗೆ ಲೆವಿನ್ ವಿರುದ್ಧ ನಿಲ್ಲುವ ಅತ್ಯಂತ ಗಟ್ಟಿ ಸಾಕ್ಷ್ಯ ಈ ಎರಡನೇ ಹನಿಯದು. ಬೀಮನ್ ಯಂತ್ರದ ಸಾಕ್ಷ್ಯವಂತೂ 32 ವರ್ಷಗಳ ನಂತರ ಅಲುಗಾಡಿತು.

2008ರಲ್ಲಿ ಮಂಗಳನ ಉತ್ತರ ಧ್ರುವದ ಬಳಿ ಇಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಪತ್ತೆ ಮಾಡಿತು. ತಣ್ಣಗಿದ್ದಾಗ ಸಾಧು, ಕಾಯಿಸಿದರೆ ಆಮ್ಲಜನಕ ಕಾರುವ ಉಗ್ರ. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಘನ ಇಂಧನ ಧಗಧಗಿಸುವುದು ಇದೇ ಕುಲದ ಅಮೋನಿಯಂ ಪರ್ಕ್ಲೋರೇಟ್‌ನಿಂದ. ಇಂಥ ಲವಣವಿರುವ ಮಣ್ಣನ್ನು 500 ಡಿಗ್ರಿಗೆ ಕಾಯಿಸಿದರೆ ಒಳಗಿದ್ದ ಸಾವಯವ ಅಣುಗಳ ಗತಿ ಏನು? 2010ರಲ್ಲಿ ಮೆಕ್ಸಿಕೊದ ರಫಾಯೆಲ್ ನವಾರೊ–ಗೊನ್ಸಾಲೆಸ್ ಮತ್ತು ನಾಸಾದ ಕ್ರಿಸ್ ಮೆಕೇ ಜೊತೆಗಾರರು ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ ಕಾಯಿಸಿ ನೋಡಿದರು. ಸಾವಯವ ಅಣುಗಳು ಸುಟ್ಟುಹೋದವು. ಉಳಿದದ್ದು ಕ್ಲೋರೊಮೀಥೇನ್! ದ್ರಾವಕದ ಉಳಿಕೆ ಎಂದು 1976ರಲ್ಲಿ ಬದಿಗಿಟ್ಟದ್ದೇ ಅದು.

ಆಮೇಲೆ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ಹಳೆಯ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳಿರುವುದನ್ನು ಖಚಿತಪಡಿಸಿತು. 12 ಇಂಗಾಲದ ಪರಮಾಣುಗಳವರೆಗಿನ ಉದ್ದ ಸರಪಳಿಗಳು ಅಲ್ಲಿವೆ ಎಂದು 2025ರಲ್ಲಿ ವರದಿಯಾಯಿತು. ‘ದೇಹವೇ ಇಲ್ಲ’ ಎಂಬ ವಾದ ಅಲ್ಲಿಗೆ ಬಿತ್ತು. ಹಾಗೆಂದು ಲೆವಿನ್ ಗೆದ್ದಂತಾಗಲಿಲ್ಲ. ಪರ್ಕ್ಲೋರೇಟ್ ಇರುವ ಮಣ್ಣು ವಿಕಿರಣಕ್ಕೆ ಸಿಕ್ಕಿ, ಆಹಾರವನ್ನು ತಾನೇ ಒಡೆಯಬಲ್ಲ ಚುರುಕು ರಾಸಾಯನಿಕಗಳನ್ನು ಹುಟ್ಟಿಸಬಲ್ಲದು ಎಂಬ ವಿವರಣೆಯೂ ಜೊತೆಗೇ ಬಂತು.

ಮಣ್ಣಿನ ರಸಾಯನವನ್ನೇ ಅರಿಯದೆ ಅದರೊಳಗೆ ಜೀವ ಹುಡುಕಲು ಹೋದದ್ದು ವೈಕಿಂಗ್‌ನ ಮಿತಿ. ಆ ಮಿತಿ ಅರಿವಾದ ಮೇಲೆ ಮತ್ತೆ ಹೋಗಿ ಕೇಳದಿರುವುದು ನಂತರದವರ ತಪ್ಪು ಎಂದೇ ನಾನು ಹೇಳುತ್ತೇನೆ.

————————
ಬಲೆ ಹೆಣೆದವನ ಕಥೆ

ವೈಕಿಂಗ್‌ನಲ್ಲಿ ಇನ್ನೂ ಒಂದು ಜೀವ ಪ್ರಯೋಗ ಇರಬೇಕಿತ್ತು. ಸೂಕ್ಷ್ಮಜೀವಿ ಬೆಳೆದಂತೆ ದ್ರವ ಮಸುಕಾಗುವುದನ್ನು ಬೆಳಕಿನಿಂದ ಅಳೆಯುವ ಆ ಉಪಕರಣಕ್ಕೆ, ರೂಪಿಸಿದ ವುಲ್ಫ್ ವಿಷ್ನಿಯಾಕ್ ಅವರ ಹೆಸರಲ್ಲೇ ‘ವುಲ್ಫ್ ಟ್ರ್ಯಾಪ್’ ಎನ್ನುತ್ತಿದ್ದರು. ಖರ್ಚು ತಗ್ಗಿಸಲು 1972ರಲ್ಲಿ ಅದನ್ನು ಕೈಬಿಟ್ಟರು.

ವಿಷ್ನಿಯಾಕ್ ಸುಮ್ಮನಾಗಲಿಲ್ಲ. ಮಂಗಳನನ್ನು ಹೋಲುವ ಅಂಟಾರ್ಕ್ಟಿಕಾದ ಒಣ ಕಣಿವೆಗಳಲ್ಲಿ ಜೀವ ಇದೆಯೇ ಎಂದು ನೋಡಲು ಹೋದರು. 1973ರ ಡಿಸೆಂಬರ್‌ನಲ್ಲಿ, ಇಟ್ಟುಬಂದ ಮಾದರಿಗಳನ್ನು ತರಲು ಒಬ್ಬರೇ ಹೊರಟಾಗ ಹಿಮದ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡರು. ಅವರು ಸಂಗ್ರಹಿಸಿದ್ದ ಮಾದರಿಗಳಲ್ಲಿ ಪತ್ನಿ ಹೆಲೆನ್ ಅದುವರೆಗೆ ಗೊತ್ತಿಲ್ಲದ ಯೀಸ್ಟ್ ಪ್ರಭೇದವೊಂದನ್ನು ಕಂಡುಹಿಡಿದರು. ಅದಕ್ಕೀಗ ವಿಷ್ನಿಯಾಕ್ ಹೆಸರು.
————————

ಕೆಂಪಾದ ನೀರು

ಲೆವಿನ್ ಮಂಗಳಕ್ಕೆ ಬಡಿಸಿದ ಊಟದಲ್ಲಿ ಗ್ಲೈಸೀನ್ ಮತ್ತು ಅಲನೀನ್ ಎಂಬ ಎರಡು ಅಮೈನೊ ಆಮ್ಲಗಳಿದ್ದವು. ಇವೇ ಏಕೆ? ಉತ್ತರಕ್ಕೆ 1952ರ ಷಿಕಾಗೊಗೆ ಹೋಗಬೇಕು.

22ರ ಹರೆಯದ ಸ್ಟ್ಯಾನ್ಲಿ ಮಿಲ್ಲರ್, ನೊಬೆಲ್ ಪುರಸ್ಕೃತ ಹೆರಾಲ್ಡ್ ಯೂರಿ ಅವರ ವಿದ್ಯಾರ್ಥಿ. ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿ, ಕೆಳಗಿನ ಬುರುಡೆಯಲ್ಲಿ ನೀರು ಕುದಿಸಿ, ಮೇಲೆ ಮಿಂಚಿನ ಬದಲು ವಿದ್ಯುತ್ ಕಿಡಿ ಹಾರಿಸಿದರು. ಮರುದಿನ ನೀರು ನಸುಗೆಂಪಾಯಿತು. ವಾರದಲ್ಲಿ ಕಡುಗೆಂಪು. ಪರೀಕ್ಷಿಸಿದರೆ ಅದರಲ್ಲಿ ಗ್ಲೈಸೀನ್, ಅಲನೀನ್! ನಮ್ಮ ಮೈಯ ಪ್ರೋಟೀನಿನ ಇಟ್ಟಿಗೆಗಳು ಜೀವವಿಲ್ಲದ ಅನಿಲದಿಂದ ಹುಟ್ಟಿದ್ದವು. ಲೆವಿನ್ ಇವನ್ನು ಆರಿಸಿಕೊಂಡದ್ದೂ ಅದಕ್ಕೇ. 1953ರ ಮೇ ತಿಂಗಳಲ್ಲಿ ಲೇಖನ ಪ್ರಕಟವಾದಾಗ ಅದರಲ್ಲಿ ಯೂರಿ ಹೆಸರಿರಲಿಲ್ಲ. ತಮ್ಮ ಹೆಸರಿದ್ದರೆ ಹುಡುಗನ ಕೀರ್ತಿ ತಮಗೆ ಬಂದೀತು ಎಂದು ಅವರೇ ತೆಗೆಸಿದ್ದರು. ಇಂಥ ಗುರುಗಳು ಅಪರೂಪ.

ಹೀಗಾಗಿರಬಹುದು ಎಂದು ಮೊದಲೇ ಊಹಿಸಿದ್ದವರಿದ್ದರು: ರಷ್ಯಾದ ಒಪಾರಿನ್ 1924ರಲ್ಲಿ, ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್ 1929ರಲ್ಲಿ. ಆ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಆದಿಯ ಭೂಮಿಯ ಗಾಳಿ ಮಿಲ್ಲರ್ ತುಂಬಿದಂತೆ ಇರಲಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೇ ಹೆಚ್ಚಿತ್ತು ಎಂದು ಮುಂದೆ ಹಲವರು ವಾದಿಸಿದರು. ಅಂಥ ಗಾಳಿಯಲ್ಲಿ ಫಸಲು ಕಡಿಮೆ. ಆ ಹೊತ್ತಿಗೆ ಇಟ್ಟಿಗೆಗಳು ಆಕಾಶದಿಂದಲೇ ಬೀಳುತ್ತವೆ ಎಂದೂ ಗೊತ್ತಾಗಿತ್ತು. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೊ ಆಮ್ಲಗಳಿದ್ದವು. ಅದನ್ನು ಪರೀಕ್ಷಿಸಿದ ನಾಸಾ ತಂಡದಲ್ಲಿದ್ದವರು ಶ್ರೀಲಂಕಾದ ಸಿರಿಲ್ ಪೊನ್ನಂಪೆರುಮ. ರಸಾಯನಕ್ಕೆ ಹೊರಳುವ ಮೊದಲು ಅವರು ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ!

ನೆಲಕ್ಕೆ ಬಿದ್ದ ಕಲ್ಲಿಗೆ ಭೂಮಿಯ ಕೊಳೆ ತಗುಲಿರಬಹುದೆಂಬ ಶಂಕೆ ಇದ್ದೇ ಇರುತ್ತದೆ. 2023ರ ಸೆಪ್ಟೆಂಬರ್ 24ರಂದು ಅದಕ್ಕೂ ಪರಿಹಾರ ಸಿಕ್ಕಿತು. ಬೆನ್ನು ಎಂಬ ಕ್ಷುದ್ರಗ್ರಹದಿಂದ ಒಸೈರಿಸ್–ರೆಕ್ಸ್ ನೌಕೆ ಮೊಹರು ಮಾಡಿ ತಂದ 121.6 ಗ್ರಾಂ ಪುಡಿ ಅಮೆರಿಕದ ಯೂಟಾ ಮರುಭೂಮಿಗೆ ಇಳಿಯಿತು. ಜೀವಿಗಳು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಅದರಲ್ಲಿವೆ. ಡಿಎನ್‌ಎ, ಆರ್‌ಎನ್‌ಎ ಅಕ್ಷರಮಾಲೆಯ ಐದೂ ಕ್ಷಾರಗಳಿವೆ. ಆರ್‌ಎನ್‌ಎ ಬೆನ್ನೆಲುಬಿಗೆ ಬೇಕಾದ ರೈಬೋಸ್ ಸಕ್ಕರೆಯೂ ಇದೆ ಎಂದು 2025ರ ಡಿಸೆಂಬರ್‌ನಲ್ಲಿ ತಿಳಿಯಿತು.

ಇಷ್ಟೆಲ್ಲ ಇದ್ದೂ ಬೆನ್ನು ನಿರ್ಜೀವ. ಸಾಮಗ್ರಿ ಎಲ್ಲೆಡೆ ಇದೆ, ಜೋಡಣೆ ಎಲ್ಲಾಯಿತು?

ಇಲ್ಲಿ ವಿಜ್ಞಾನಿಗಳಲ್ಲಿ ಎರಡು ದೊಡ್ಡ ಬಣ. ಒಂದು ಬಣ ಕಡಲಾಳದ ಬಿಸಿ ಚಿಲುಮೆಗಳತ್ತ ನೋಡುತ್ತದೆ. 2000ದಲ್ಲಿ ಅಟ್ಲಾಂಟಿಕ್ ತಳದಲ್ಲಿ ಕಂಡ ‘ಲಾಸ್ಟ್ ಸಿಟಿ’ಯಲ್ಲಿ 60 ಮೀಟರ್ ಎತ್ತರದವರೆಗಿನ ಬಿಳಿ ಗೋಪುರಗಳಿವೆ. ಕಲ್ಲು ಮತ್ತು ನೀರಿನ ಕ್ರಿಯೆಯಿಂದ ಹೊಮ್ಮುವ ಹೈಡ್ರೋಜನ್ ಅಲ್ಲಿ ಸದಾ ಸಿಗುವ ಇಂಧನ. ಇನ್ನೊಂದು ಬಣಕ್ಕೆ ನೆಲದ ಮೇಲಿನ ಹೊಂಡಗಳೇ ತವರು: ನೀರು ಆರುತ್ತದೆ, ಅಣುಗಳು ಒತ್ತಾಗಿ ಒಂದಕ್ಕೊಂದು ಬೆಸೆಯುತ್ತವೆ, ಮತ್ತೆ ಮಳೆ, ಮತ್ತೆ ಬಿಸಿಲು. ಬೆಚ್ಚನೆಯ ಪುಟ್ಟ ಹೊಂಡದ ಮಾತನ್ನು ಡಾರ್ವಿನ್ 1871ರಲ್ಲೇ ಪತ್ರವೊಂದರಲ್ಲಿ ಬರೆದಿದ್ದರು.

ಎಲ್ಲಿ ಹುಡುಕಬೇಕು ಎಂಬುದು ಈ ಜಗಳದ ಮೇಲೇ ನಿಂತಿದೆ. ಕಡಲಾಳ ಗೆದ್ದರೆ ನಮ್ಮ ಕಣ್ಣು ಹಿಮದ ಹೊದಿಕೆಯ ಕೆಳಗೆ ಸಾಗರವಿರುವ ಗುರುವಿನ ಚಂದ್ರ ಯುರೋಪಾ ಮತ್ತು ಶನಿಯ ಚಂದ್ರ ಎನ್ಸೆಲಡಸ್ ಮೇಲಿರಬೇಕು. ಹೊಂಡ ಗೆದ್ದರೆ ಅಲ್ಲಿ ಆಸೆ ಕಡಿಮೆ. ಆರಿ ಒಣಗಲು ಅಲ್ಲಿ ನೆಲವೇ ಇಲ್ಲ. ಆಗ ಮಂಗಳವೇ ಗತಿ. 350 ಕೋಟಿ ವರ್ಷಗಳ ಹಿಂದೆ ಅಲ್ಲಿ ನದಿ ಹರಿದಿತ್ತು, ಕೆರೆ ತುಂಬಿತ್ತು, ಬತ್ತಿತ್ತು. ಭೂಮಿಯ ಮೊದಲ 50 ಕೋಟಿ ವರ್ಷಗಳ ಬಂಡೆಗಳು ಹೆಚ್ಚುಕಡಿಮೆ ಎಲ್ಲ ಕರಗಿಹೋಗಿವೆ. ಮಂಗಳ ತನ್ನ ಹಳೆಯ ನೆಲವನ್ನು ಹಾಗೇ ಇಟ್ಟುಕೊಂಡಿದೆ. ನಮ್ಮ ಹುಟ್ಟಿನ ಮೊದಲ ಪುಟಗಳು ನಮ್ಮಲ್ಲಿಲ್ಲ, ಅಂಥವು ಅಲ್ಲಿರಬಹುದು.

————————
ನಮ್ಮ ಕಾಲ ಕೆಳಗಿನ ಗುರುತು

ಚಿತ್ರದುರ್ಗ ಭಾಗದ ಸುಣ್ಣಕಲ್ಲು ಪದರಗಳಲ್ಲಿ ಅಲೆಅಲೆಯಾದ, ಗುಮ್ಮಟದಂಥ ರಚನೆಗಳಿವೆ. ಹೆಸರು ಸ್ಟ್ರೊಮಟೊಲೈಟ್. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳ ಲೋಳೆ ಪದರದ ಮೇಲೆ ಪದರ ಕಟ್ಟಿಹೋದ ಗುರುತು. ಧಾರವಾಡ ಶಿಲಾಸಮೂಹದ ಈ ಬಂಡೆಗಳಿಗೆ ಸುಮಾರು 260 ಕೋಟಿ ವರ್ಷ.

ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 340 ಕೋಟಿ ವರ್ಷ ದಾಟಿದವು ಇವೆ. ಗ್ರೀನ್‌ಲ್ಯಾಂಡ್‌ನಲ್ಲಿ 370 ಕೋಟಿ ವರ್ಷದವು ಸಿಕ್ಕವೆಂದು 2016ರಲ್ಲಿ ಸುದ್ದಿಯಾಯಿತು. 2018ರಲ್ಲಿ ಅಬಿಗೇಲ್ ಆಲ್ವುಡ್ ತಂಡ ಅಲ್ಲಿಗೇ ಹೋಗಿ ನೋಡಿ, ಬಂಡೆ ಮಡಚಿದ್ದರಿಂದ ಆದ ಆಕಾರಗಳವು, ಜೀವಿಗಳದ್ದಲ್ಲ ಎಂದಿತು. ಪರ್ಸಿವಿಯರೆನ್ಸ್ ರೋವರ್‌ನ ಪಿಕ್ಸಲ್ ಎಂಬ ಎಕ್ಸ್‌–ರೇ ಉಪಕರಣದ ಹೊಣೆ ಹೊತ್ತವರೂ ಇದೇ ಆಲ್ವುಡ್.
————————

ಚಿರತೆಯ ಚುಕ್ಕೆ

2021ರ ಫೆಬ್ರುವರಿ 18. ಪರ್ಸಿವಿಯರೆನ್ಸ್ ಮಂಗಳನ ಜೆಜೆರೊ ಕುಳಿಗೆ ಇಳಿದ ಸುದ್ದಿಯನ್ನು ನಿಯಂತ್ರಣ ಕೊಠಡಿಯಿಂದ ಜಗತ್ತಿಗೆ ಹೇಳಿದ್ದು ಸ್ವಾತಿ ಮೋಹನ್. ಬೆಂಗಳೂರಿನಲ್ಲಿ ಹುಟ್ಟಿ, ಒಂದು ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಹೋದವರು.

2024ರ ಜುಲೈನಲ್ಲಿ ಆ ರೋವರ್, ಹಿಂದೆ ನೀರು ಹರಿದ ಕಣಿವೆಯೊಂದರಲ್ಲಿ ಬಾಣದ ಮೊನೆಯ ಆಕಾರದ ಬಂಡೆಯ ಮುಂದೆ ನಿಂತಿತು. ಮೈತುಂಬ ಚುಕ್ಕೆ, ತಿಳಿ ನಡುವಿಗೆ ಕಪ್ಪು ಅಂಚು. ವಿಜ್ಞಾನಿಗಳು ಚಿರತೆ ಚುಕ್ಕೆ ಎಂದೇ ಕರೆದರು. ಚುಕ್ಕೆಗಳಲ್ಲಿದ್ದದ್ದು ವಿವಿಯಾನೈಟ್ ಮತ್ತು ಗ್ರೈಗೈಟ್ ಎಂಬ ಕಬ್ಬಿಣದ ಖನಿಜಗಳ ಸುಳಿವು. ಜೊತೆಗೆ ಸಾವಯವ ಇಂಗಾಲ. ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣ, ಗಂಧಕ ಬಳಸಿ ಬದುಕುವಾಗ ಉಳಿಸುವುದೂ ಇಂಥವನ್ನೇ. ಜೀವವಿಲ್ಲದೆಯೂ ಇವು ಆಗಬಹುದು. ಆದರೆ ಅದಕ್ಕೆ ಸಾಮಾನ್ಯವಾಗಿ ಬೇಕಾಗುವಷ್ಟು ಬಿಸಿ ತಾಗಿದ ಲಕ್ಷಣ ಆ ಬಂಡೆಯಲ್ಲಿ ಕಂಡಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ನಲ್ಲಿ ಜೋಯೆಲ್ ಹುರೊವಿಟ್ಜ್ ತಂಡ ಅಳೆದು ತೂಗಿ ಬರೆದದ್ದು ಇಷ್ಟು: ಜೀವದ ಕುರುಹು ಆಗಿರಬಹುದು.

ಈ ‘ಆಗಿರಬಹುದು’ ನನಗೆ ದೊಡ್ಡ ಮಾತು. ಚಿತ್ರದುರ್ಗದ ಕಲ್ಲನ್ನು ನಾವು ಮುಟ್ಟಬಹುದು, ಗ್ರೀನ್‌ಲ್ಯಾಂಡ್‌ಗೆ ಮತ್ತೆ ಹೋಗಿ ಜಗಳ ತೀರಿಸಿಕೊಳ್ಳಬಹುದು. ಮಂಗಳನ ಆ ಬಂಡೆಯಿಂದ ಕೊರೆದ ತುಂಡು ರೋವರ್‌ನ ಕೊಳವೆಯೊಳಗೇ ಇದೆ. ಅಂಥ ಕೊಳವೆಗಳನ್ನು ಭೂಮಿಗೆ ತರಬೇಕಿದ್ದ ಅಮೆರಿಕ–ಯುರೋಪ್ ಯೋಜನೆಗೆ 1,100 ಕೋಟಿ ಡಾಲರ್‌ವರೆಗೆ ಬೇಕಾದೀತೆಂಬ ಅಂದಾಜು ಹೊರಬಿದ್ದ ಮೇಲೆ ಅದು ನನೆಗುದಿಗೆ ಬಿದ್ದಿದೆ.

ದೂರದ ನಕ್ಷತ್ರಗಳತ್ತ ನೋಡುವವರ ಪಾಡೂ ಇದೇ. ಗಾಳಿಯ ರಸಾಯನ ನೋಡಿದರೆ ಗ್ರಹದಲ್ಲಿ ಜೀವವಿದೆಯೇ ಎಂದು ಹೇಳಬಹುದು ಎಂದು 1960ರ ದಶಕದಲ್ಲೇ ಸೂಚಿಸಿದವರು ಜೇಮ್ಸ್ ಲವ್‌ಲಾಕ್. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ, 124 ಜ್ಯೋತಿರ್ವರ್ಷ ದೂರದ ಕೆ2–18ಬಿ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವಿದೆ ಎಂದಿತು. ನಮ್ಮಲ್ಲಿ ಅದನ್ನು ಹೊಮ್ಮಿಸುವುದು ಕಡಲಿನ ಸೂಕ್ಷ್ಮಸಸ್ಯಗಳು. ಅದೇ ದತ್ತಾಂಶ ತಿರುವಿಹಾಕಿದ ಬೇರೆ ತಂಡಗಳಿಗೆ ಗಟ್ಟಿ ಸಾಕ್ಷ್ಯ ಕಾಣಲಿಲ್ಲ. ಆ ಅಣುವಿನ ಗುರುತು 67ಪಿ ಧೂಮಕೇತುವಿನಲ್ಲೂ ಸಿಕ್ಕಿದೆ. ಅಲ್ಲಿ ಯಾವ ಕಡಲೂ ಇಲ್ಲ.

ಎಡವೋ ಬಲವೋ

ಜೀವವನ್ನೂ ಬರೀ ರಸಾಯನವನ್ನೂ ಬೇರ್ಪಡಿಸುವ ಪರೀಕ್ಷೆಯೇ ಇಲ್ಲವೇ? ಒಂದಿದೆ. ಅದು ಅಲನೀನ್‌ನೊಳಗೇ ಅಡಗಿದೆ.

ನಮ್ಮ ಎಡಗೈ, ಬಲಗೈಗಳಂತೆ ಅಲನೀನ್ ಎರಡು ರೂಪದಲ್ಲಿರುತ್ತದೆ. ಅಚ್ಚು ಒಂದೇ, ಒಂದರ ಮೇಲೊಂದು ಕೂರುವುದಿಲ್ಲ. ಮಿಲ್ಲರ್ ಬುರುಡೆಯಲ್ಲಿ ಎರಡೂ ಸಮ. ಬೆನ್ನುವಿನ ಪುಡಿಯಲ್ಲೂ ಎರಡೂ ಹೆಚ್ಚುಕಡಿಮೆ ಸಮ. ಭೂಮಿಯ ಜೀವಿಗಳು ಮಾತ್ರ ಪ್ರೋಟೀನ್ ಕಟ್ಟಲು ಎಡದವನ್ನೇ ಆರಿಸಿಕೊಂಡಿವೆ. ರಸಾಯನ ಕ್ರಿಯೆಗೆ ಈ ಪಂಕ್ತಿಭೇದ ಗೊತ್ತಿಲ್ಲ. ಮರ್ಚಿಸನ್ ಶಿಲೆಯ ಕೆಲವು ಅಮೈನೊ ಆಮ್ಲಗಳಲ್ಲಿ ಎಡದ್ದು ತುಸು ಹೆಚ್ಚಿದೆ ಎಂಬುದು ನಿಜ. ತುಸು ಹೆಚ್ಚಿರುವುದು ಬೇರೆ, ಒಂದನ್ನೇ ತಿನ್ನುವುದು ಬೇರೆ.

1976ರಲ್ಲಿ ಮಣ್ಣಿಗೆ ಹಾಕಿದ ಹನಿಯಲ್ಲಿ ಎಡ, ಬಲ ಎರಡೂ ಬೆರೆತಿದ್ದವು. ಮಂಗಳದ ಜೀವಿಗೆ ಯಾವುದು ಹಿಡಿಸುವುದೋ ಗೊತ್ತಿಲ್ಲದ್ದರಿಂದ ಎರಡನ್ನೂ ಬಡಿಸಿದ್ದರು. ಯಾವುದು ಖರ್ಚಾಯಿತೆಂದು ಹಾಗಾಗಿ ತಿಳಿಯಲೇ ಇಲ್ಲ. ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ಹನಿ ಹಾಕಿ ನೋಡೋಣ ಎಂದು ಲೆವಿನ್ ಮುಂದೆ ದಶಕಗಳ ಕಾಲ ಕೇಳುತ್ತಲೇ ಇದ್ದರು. ಒಂದರಿಂದಷ್ಟೇ ಅನಿಲ ಬಂದರೆ ಜೀವದ ಕಡೆಗೆ ತಕ್ಕಡಿ ವಾಲುತ್ತದೆ. ಎರಡರಿಂದಲೂ ಒಂದೇ ಸಮ ಬಂದರೆ ಅದು ಮಣ್ಣಿನ ರಸಾಯನವೇ ಎನ್ನಲು ಬಲ ಬರುತ್ತದೆ. ಎರಡು ಕೋಣೆ, ನಾಲ್ಕು ಹನಿ. 97ರ ವಯಸ್ಸಿನಲ್ಲಿ, 2021ರ ಜುಲೈನಲ್ಲಿ ಅವರು ತೀರಿಕೊಂಡಾಗಲೂ ಆ ಪ್ರಯೋಗ ಯಾವ ನೌಕೆಯನ್ನೂ ಏರಿರಲಿಲ್ಲ.

ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2028ರಲ್ಲಿ ಹೊರಡಬೇಕಿದೆ. ಎರಡು ಮೀಟರ್ ಆಳಕ್ಕೆ, ವಿಕಿರಣ ಅಷ್ಟಾಗಿ ಮುಟ್ಟದ ಪದರಕ್ಕೆ ಕೊರೆಯುತ್ತದೆ. ಪರ್ಕ್ಲೋರೇಟ್ ಕೆರಳದಂತೆ ಲೇಸರ್ ಮಿಂಚಿನಿಂದ ಅಣುಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಎಡ ಬಲ ಗುರುತಿಸುವ ಉಪಕರಣವೂ ಅದರಲ್ಲಿದೆ. ವೈಕಿಂಗ್ ಕಲಿಸಿದ ಪಾಠಗಳೆಲ್ಲ ಆ ಯಂತ್ರದಲ್ಲಿವೆ, ಮಣ್ಣಿಗೆ ಹನಿ ಹಾಕಿ ಉಸಿರು ಕೇಳುವ ಪ್ರಯೋಗವೊಂದನ್ನು ಬಿಟ್ಟು.

ಅದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ವೈಕಿಂಗ್ ನೌಕೆಗಳನ್ನು ಭೂಮಿಯ ಒಂದು ಸೂಕ್ಷ್ಮಜೀವಿಯೂ ಜೊತೆಗೆ ಹೋಗದಿರಲೆಂದು ಹೊರಡುವ ಮೊದಲು 40 ಗಂಟೆ 110 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿಟ್ಟಿದ್ದರು. ಮನುಷ್ಯನನ್ನು ಹಾಗೆ ಕಾಯಿಸಿ ಕಳಿಸಲಾಗದು. ಗಗನಯಾತ್ರಿಗಳು ಇಳಿದ ದಿನ ಅವರ ಚರ್ಮದ, ಕರುಳಿನ, ಉಸಿರಿನ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳೂ ಇಳಿಯುತ್ತವೆ. ಆಮೇಲೆ ಮಂಗಳನ ಮಣ್ಣು ‘ಹೌದು’ ಎಂದರೆ ಅದು ಯಾರ ಉತ್ತರ ಎಂದು ಹೇಳುವುದು ಕಷ್ಟ. ಲೆವಿನ್ ಕೇಳಿದ ಆ ಎರಡು ಕೋಣೆಗಳ ಪೆಟ್ಟಿಗೆ ಗಗನಯಾತ್ರಿಗಳಿಗಿಂತ ಮೊದಲಿನ ನೌಕೆಯಲ್ಲೇ ಹೋಗಬೇಕು.